ಟಾರು ರಸ್ತೆಯಲ್ಲಿ ಏಳು ಸಲ ಗೆದ್ದ ಪನಿಝಿ ಚಾಂಪಿಯನ್ ಯಾಕಾಗಲಿಲ್ಲ?

ಓದುಗರ ಪ್ರಶ್ನೆ: ಫ್ರಾನ್ಸಿನ ಜಿಲ್ ಪನಿಝಿ ವಿಶ್ವ ರ‍್ಯಾಲಿಯಲ್ಲಿ 7 ಸಲ ಗೆದ್ದಿದ್ದಾರೆ, ಏಳೂ ಟಾರು ರಸ್ತೆಯಲ್ಲೇ. ಮಣ್ಣಿನ ರಸ್ತೆಯಲ್ಲಿ ಅವರಿಗೆ ಓಡಿಸೋಕೆ ಬರ್ತಿರಲಿಲ್ವಾ?

ಬರುತ್ತಿರಲಿಲ್ಲ ಅಂತಲ್ಲ, ಅವರನ್ನು ಹೆಚ್ಚಾಗಿ ಕರೆಸುತ್ತಿದ್ದದ್ದು ಟಾರಿಗೆ. ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿ ನೋಡಿದ ನಮಗೆ ರ‍್ಯಾಲಿ ಎಂದರೆ ಧೂಳು, ಕೆಸರು. ಫ್ರಾನ್ಸಿನಲ್ಲಿ ಹಾಗಲ್ಲ. ಅಲ್ಲಿನ ಮುಖ್ಯ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುವುದೇ ಟಾರಿನ ಮೇಲೆ, ಮಣ್ಣಿನ ರಸ್ತೆಗೆ ಬೇರೆಯೇ ಸರಣಿ ಇದೆ. 1965ರಲ್ಲಿ ಹುಟ್ಟಿದ ಪನಿಝಿ 1996 ಮತ್ತು 1997ರಲ್ಲಿ ಆ ಪಟ್ಟ ಗೆದ್ದರು. ಕಾರು ಪ್ಯೂಜೊ 306 ಮ್ಯಾಕ್ಸಿ. ಪಕ್ಕದ ಸೀಟಿನಲ್ಲಿ ಪೇಸ್ ನೋಟ್ಸ್, ಅಂದರೆ ಮುಂದಿನ ತಿರುವುಗಳ ವಿವರ ಬರೆದ ಟಿಪ್ಪಣಿ, ಓದುತ್ತಿದ್ದವರು ಅವರ ಸಹೋದರ ಎರ್ವೆ.

ಎರಡೂ ರಸ್ತೆಗೆ ಬೇಕಾದ ಕೈ ಬೇರೆ. ಮಣ್ಣಿನಲ್ಲಿ ತಿರುವಿಗೆ ಮೊದಲೇ ಕಾರನ್ನು ಅಡ್ಡ ಜಾರಿಸಿ ತಿರುಗಿಸಬೇಕು. ಟಾರಿನಲ್ಲಿ ಜಾರಿಸಿದರೆ ಸಮಯ ಹೋಯಿತು. ಬ್ರೇಕನ್ನು ಆದಷ್ಟು ತಡವಾಗಿ ಒತ್ತಿ, ಕಾರನ್ನು ನೇರ ಇಟ್ಟುಕೊಂಡು, ತಿರುವಿನ ಒಳಅಂಚನ್ನು ಸವರಿಕೊಂಡು ಹೋಗಬೇಕು. ಇಲ್ಲೊಂದು ತೊಂದರೆ ಇದೆ. ಮುಂದೆ ಹೋದ ಕಾರುಗಳು ಹಾಗೆ ಅಂಚು ಸವರುವಾಗ ಪಕ್ಕದ ಮಣ್ಣನ್ನು ರಸ್ತೆಗೆ ಎಳೆದು ಹಾಕುತ್ತವೆ. ಬೆಳಿಗ್ಗೆ ಗಟ್ಟಿಯಾಗಿ ಹಿಡಿದಿದ್ದ ತಿರುವು ಮಧ್ಯಾಹ್ನ ಜಾರುಬಂಡೆ! ಕಾರ್ಸಿಕಾ ದ್ವೀಪದ ರ‍್ಯಾಲಿಗೆ ಹತ್ತು ಸಾವಿರ ತಿರುವುಗಳ ರ‍್ಯಾಲಿ ಎಂದೇ ಹೆಸರು. ಅಲ್ಲಿ ಪನಿಝಿ 2000 ಮತ್ತು 2002ರಲ್ಲಿ ಗೆದ್ದರು. ಇಟಲಿಯ ಸಾನ್ರೆಮೊದಲ್ಲಂತೂ 2000ರಿಂದ ಸತತ ಮೂರು ವರ್ಷ.

ಈಗ ಲೆಕ್ಕಕ್ಕೆ ಬನ್ನಿ. 2002ರ ವಿಶ್ವ ಸರಣಿಯಲ್ಲಿ ಒಟ್ಟು 14 ರ‍್ಯಾಲಿ, ಟಾರಿನವು ಬರೀ 5. ಪ್ಯೂಜೊ ತಂಡ ಗ್ರೊನ್‌ಹೋಮ್ ಮತ್ತು ಬರ್ನ್ಸ್ ಎಂಬ ಇಬ್ಬರು ಚಾಲಕರನ್ನು ವರ್ಷವಿಡೀ ಓಡಿಸಿತು. ಉಳಿದ ಕಾರನ್ನು ಹೆಚ್ಚಾಗಿ ಟಾರು ಬಂದಾಗ ಪನಿಝಿಗೆ, ಮಣ್ಣು ಬಂದಾಗ ರೊವಾನ್‌ಪೆರಾಗೆ ಕೊಟ್ಟಿತು. ತಂಡಕ್ಕೆ ಇದು ಭರ್ಜರಿ ಲಾಭ. 2000ದಿಂದ 2002ರವರೆಗೆ ಕಾರು ತಯಾರಕರ ಪಟ್ಟ ಮೂರೂ ಸಲ ಅವರದ್ದೇ. ಪನಿಝಿಗೆ? ಆ ವರ್ಷ ಮೂರು ಗೆಲುವಿನಿಂದ 30 ಪಾಯಿಂಟ್ ಬಂತು, ಒಟ್ಟು 31, ಆರನೇ ಸ್ಥಾನ. ಚಾಂಪಿಯನ್ ಆದ ಗ್ರೊನ್‌ಹೋಮ್ ಕಾರ್ಸಿಕಾದಲ್ಲೂ ಸಾನ್ರೆಮೊದಲ್ಲೂ ಇವರ ಹಿಂದೆ ಎರಡನೆಯವರು. ಸ್ವಲ್ಪ ಅನ್ಯಾಯ ಅನ್ನಿಸುತ್ತೆ, ಅಲ್ವಾ?

ಆ ಮನುಷ್ಯನಿಗೆ ಮಾತ್ರ ಅದರ ಬೇಜಾರು ಇದ್ದಂತೆ ಕಾಣಲಿಲ್ಲ. ಅದೇ ವರ್ಷ ಸ್ಪೇನಿನ ಕ್ಯಾಟಲೂನ್ಯಾದಲ್ಲಿ ಗಡಿಯಾರ ಓಡುತ್ತಿರುವಾಗಲೇ, ಒಂದು ಹೇರ್‌ಪಿನ್ ತಿರುವಿನಲ್ಲಿ ನಿಂತಿದ್ದ ಜನರಿಗೋಸ್ಕರ ಕಾರನ್ನು ಸುಮ್ನೆ ಒಂದು ಸುತ್ತು ಗಿರ್ರನೆ ತಿರುಗಿಸಿ ಮುಂದೆ ಹೋದರು. ಸೆಕೆಂಡುಗಳಿಗಾಗಿ ಜೀವ ಬಿಡುವ ಆಟದಲ್ಲಿ ಈ ಪರಿ ಧಿಮಾಕು! ಆ ರ‍್ಯಾಲಿಯನ್ನೂ ಅವರೇ ಗೆದ್ದರು.

ಟಾರಿಗೊಬ್ಬ, ಮಣ್ಣಿಗೊಬ್ಬ ಎಂಬ ಪದ್ಧತಿ ಜಾಸ್ತಿ ದಿನ ಉಳಿಯಲಿಲ್ಲ. ಫ್ರಾನ್ಸಿನವರೇ ಆದ ಸೆಬಾಸ್ಟಿಯನ್ ಲೋಬ್ ಮೊದಲು ಟಾರಿನಲ್ಲಿ ಗೆದ್ದು, ಆಮೇಲೆ ಮಣ್ಣನ್ನೂ ಹಿಮವನ್ನೂ ಕಲಿತುಬಿಟ್ಟರು. 2003ರಲ್ಲಿ ಪನಿಝಿ ತಮ್ಮ ಏಳನೇ ಮತ್ತು ಕೊನೆಯ ಗೆಲುವು ಪಡೆದದ್ದು ಅದೇ ಕ್ಯಾಟಲೂನ್ಯಾದಲ್ಲಿ. ಎರಡನೆಯವರಾಗಿ ಬಂದದ್ದು ಲೋಬ್.