ಸರ್ವರ್ ಇಲ್ಲದ ಜಾಲದಲ್ಲಿ ಸರ್ವರ್ ಅಡಗಿರುವುದೆಲ್ಲಿ?

1999ರಲ್ಲಿ ಬಂದ ಹಾಡು ಹಂಚಿಕೆಯ ತಂತ್ರಾಂಶ ನ್ಯಾಪ್‌ಸ್ಟರ್‌ನಲ್ಲಿ ಹಾಡಿನ ಫೈಲುಗಳು ಬಳಕೆದಾರರ ಕಂಪ್ಯೂಟರುಗಳ ನಡುವೆ ನೇರವಾಗಿ ಓಡಾಡುತ್ತಿದ್ದವು. ಯಾರ ಬಳಿ ಯಾವ ಹಾಡಿದೆ ಎಂಬ ಪಟ್ಟಿ ಮಾತ್ರ ಕಂಪನಿಯ ಸರ್ವರಿನಲ್ಲಿತ್ತು. 2001ರಲ್ಲಿ, ಕೋರ್ಟಿನ ಆದೇಶದ ನಂತರ, ಆ ಸರ್ವರ್ ನಿಂತಿತು. ಫೈಲುಗಳು ಇದ್ದಲ್ಲೇ ಇದ್ದವು. ಹುಡುಕುವ ದಾರಿಯೇ ಇಲ್ಲವಾಗಿತ್ತು.

2000ರಲ್ಲೇ ಹೊರಬಂದಿದ್ದ ಗ್ನುಟೆಲ್ಲಾ ಪಟ್ಟಿಯ ಗೊಡವೆಗೇ ಹೋಗಿರಲಿಲ್ಲ. ನಿಮ್ಮ ಹುಡುಕಾಟವನ್ನು ಜಾಲದಲ್ಲಿ ಅಕ್ಕಪಕ್ಕದ ಕಂಪ್ಯೂಟರುಗಳಿಗೆ, ಅಂದರೆ ನೋಡ್‌ಗಳಿಗೆ ಕಳಿಸುವುದು, ಅವು ತಮ್ಮ ಪಕ್ಕದವಕ್ಕೆ ದಾಟಿಸುವುದು, ಹೀಗೆ ಸಾಮಾನ್ಯವಾಗಿ ಏಳು ಹಂತ. ಪ್ರತಿ ನೋಡ್‌ಗೆ ನಾಲ್ಕು ಸಂಪರ್ಕಗಳಿದ್ದರೂ ಒಂದೇ ಹುಡುಕಾಟ 4,372 ನೋಡ್‌ಗಳ ಬಾಗಿಲು ತಟ್ಟಬಹುದು. ಡಯಲ್-ಅಪ್ ಸಂಪರ್ಕದವರು ಬೇರೆಯವರ ಪ್ರಶ್ನೆ ಸಾಗಿಸುವುದರಲ್ಲೇ ಸುಸ್ತಾದರು.

2001ರ ಬಿಟ್‌ಟೊರೆಂಟ್ ಹಂಚಿಕೆಯನ್ನು ಚೆನ್ನಾಗಿ ಬಿಡಿಸಿತು: ಫೈಲನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಹ್ಯಾಶ್ (ಒಳಗಿನದರಿಂದಲೇ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಕೊಟ್ಟು, ಅಪರೂಪದ ತುಂಡನ್ನು ಮೊದಲು ಇಳಿಸಿಕೊಳ್ಳುವ ನಿಯಮ. ಆದರೆ ಯಾರ್‍ಯಾರು ಹಂಚುತ್ತಿದ್ದಾರೆಂದು ಹೇಳಲು ಟ್ರ್ಯಾಕರ್ ಎಂಬ ಸರ್ವರ್ ಬೇಕಿತ್ತು. ಅದಕ್ಕೆ ಉತ್ತರ 2002ರ ಕಡೆಮ್ಲಿಯಾ, ಪಟ್ಟಿಯನ್ನು ನೋಡ್‌ಗಳ ನಡುವೆಯೇ ಹಂಚಿಡುವ ವಿಧಾನ. ಪ್ರತಿ ನೋಡ್‌ಗೆ 160 ಬಿಟ್‌ಗಳ ಗುರುತು. ಎರಡು ಗುರುತುಗಳ ಎಕ್ಸಾರ್ (ಬಿಟ್‌ಗಳು ಬೇರೆಯಾದಲ್ಲಿ 1, ಒಂದೇ ಆದಲ್ಲಿ 0 ಬರೆದು ಸಿಗುವ ಸಂಖ್ಯೆ) ಬೆಲೆಯೇ ಅವುಗಳ ನಡುವಿನ ದೂರ. ಪ್ರತಿ ಹೆಜ್ಜೆಯಲ್ಲೂ ಗುರಿಗೆ ಇನ್ನೂ ಹತ್ತಿರದವರ ವಿಳಾಸ ಸಿಗುವುದರಿಂದ ಹತ್ತು ಲಕ್ಷ ನೋಡ್‌ಗಳ ನಡುವೆಯೂ ಸುಮಾರು 20 ಹೆಜ್ಜೆ ಸಾಕು. ಇಷ್ಟಾದರೂ ಹೊಸಬ ಒಳಬರಬೇಕಾದರೆ ಗೊತ್ತಿರುವ ಒಂದಾದರೂ ವಿಳಾಸ ಬೇಕೇ ಬೇಕು. ಅದನ್ನು ತಂತ್ರಾಂಶದೊಳಗೇ ಬರೆದಿಡುತ್ತಾರೆ. ಕೇಂದ್ರ ಚಿಕ್ಕದಾಯಿತು, ಹೋಗಲಿಲ್ಲ.

ನಿಜವಾದ ತಲೆನೋವು ರೂಟರಿನದು. ಮನೆಯ ಸಾಧನಗಳೆಲ್ಲ ಒಂದೇ ಹೊರವಿಳಾಸದ ಹಿಂದೆ, ಅಂದರೆ ನ್ಯಾಟ್‌ನ ಹಿಂದೆ, ಇರುತ್ತವೆ. ಹೊರಗಿನಿಂದ ತಾನಾಗಿ ಬಂದ ಪ್ಯಾಕೆಟ್ಟನ್ನು (ದತ್ತಾಂಶದ ತುಣುಕನ್ನು) ರೂಟರ್ ಬಿಸಾಡುತ್ತದೆ. ದಾಟುವ ಉಪಾಯ ಹೀಗಿದೆ: ನೇರ ಮಾತಾಡಬೇಕಾದ ಇಬ್ಬರೂ ಪರಿಚಯ ಮಾಡಿಸುವ ಒಂದು ಸರ್ವರಿಗೆ ಯುಡಿಪಿ (ಮೊದಲೇ ಸಂಪರ್ಕ ಸ್ಥಾಪಿಸದೆ ಕಳಿಸುವ ಬಗೆಯ) ಪ್ಯಾಕೆಟ್ ಕಳಿಸುತ್ತಾರೆ. ತನಗೆ ಕಂಡ ಹೊರವಿಳಾಸ, ಪೋರ್ಟ್‌ಗಳನ್ನು (ಆ ವಿಳಾಸದಲ್ಲಿನ ಬಾಗಿಲು ಸಂಖ್ಯೆಗಳನ್ನು) ಅದು ಒಬ್ಬರದನ್ನು ಇನ್ನೊಬ್ಬರಿಗೆ ತಿಳಿಸುತ್ತದೆ. ಆಮೇಲೆ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಪರಸ್ಪರ ಪ್ಯಾಕೆಟ್ ಕಳಿಸುತ್ತಾರೆ. ಹೊರಹೋದ ಪ್ಯಾಕೆಟ್ಟಿಗೆ ಉತ್ತರ ಬಂತೆಂದು ಎರಡೂ ರೂಟರುಗಳು ನಂಬುತ್ತವೆ. ಎರಡೂ ಕಡೆಯ ರೂಟರುಗಳು ಪ್ರತಿ ಗಮ್ಯಕ್ಕೆ ಬೇರೆ ಬೇರೆ ಪೋರ್ಟ್ ಕೊಡುವ ಜಾತಿಯವಾದರೆ ಸರ್ವರ್ ಹೇಳಿದ ಪೋರ್ಟ್ ಸುಳ್ಳಾಗುತ್ತದೆ, ಎಲ್ಲವನ್ನೂ ರಿಲೇ (ನಡುವೆ ನಿಂತು ದಾಟಿಸುವ ಕಂಪ್ಯೂಟರ್) ಮೂಲಕವೇ ಸಾಗಿಸಬೇಕು. ರಿಲೇಯ ಬ್ಯಾಂಡ್‌ವಿಡ್ತ್‌ಗೆ ಯಾರೋ ದುಡ್ಡು ಕಟ್ಟಲೇಬೇಕು. ದಾರಿ ತೆರೆದರೂ ಸುಮ್ಮನಿದ್ದರೆ ಮುಚ್ಚಿಕೊಳ್ಳುತ್ತದೆ: ಕನಿಷ್ಠ ಎರಡು ನಿಮಿಷ ತೆರೆದಿಡಬೇಕೆಂದು ಮಾನದಂಡ ಹೇಳಿದರೂ ಬಹಳ ರೂಟರುಗಳು ಅದನ್ನು ಪಾಲಿಸುವುದಿಲ್ಲ. ಹಾಗಾಗಿ 25 ಸೆಕೆಂಡಿಗೊಮ್ಮೆ ಖಾಲಿ ಪ್ಯಾಕೆಟ್ ಕಳಿಸುವುದು ರೂಢಿ. ಮೊಬೈಲ್ ಬ್ಯಾಟರಿ ಕರಗುವುದಕ್ಕೆ ಇದೂ ಒಂದು ಕಾರಣ.

ಸ್ಕೈಪ್ ಈ ರಿಲೇಯ ಭಾರವನ್ನು ಒಳ್ಳೆಯ ಸಂಪರ್ಕವಿದ್ದ ಬಳಕೆದಾರರ ಕಂಪ್ಯೂಟರುಗಳ ಮೇಲೇ ಹೊರಿಸಿತ್ತು. 2007ರ ಆಗಸ್ಟ್‌ನಲ್ಲಿ ವಿಂಡೋಸ್ ಅಪ್‌ಡೇಟ್‌ನಿಂದ ಅಸಂಖ್ಯ ಯಂತ್ರಗಳು ಒಟ್ಟಿಗೆ ರೀಸ್ಟಾರ್ಟ್ ಆದಾಗ ಜಾಲ ಕುಸಿಯಿತು. 2012ರಲ್ಲಿ ಮೈಕ್ರೋಸಾಫ್ಟ್ ಆ ಕೆಲಸವನ್ನು ತನ್ನ ಸರ್ವರುಗಳಿಗೇ ವಹಿಸಿತು.

ಐಪಿಎಫ್‌ಎಸ್‌ನಂಥ ಈಚಿನ ಕಡತ ಹಂಚಿಕೆ ಜಾಲಗಳಲ್ಲಿ ವಿಳಾಸವೇ ಕಡತದ ಹ್ಯಾಶ್. ತಿದ್ದಿದರೆ ಸಿಕ್ಕಿಬೀಳುತ್ತದೆ, ಸರಿ. ಆದರೆ ಯಾರೂ ಪಿನ್ ಮಾಡಿ (ಅಳಿಸಬೇಡವೆಂದು ಗುರುತು ಹಾಕಿ) ಇಟ್ಟುಕೊಳ್ಳದ ಕಡತ ಕ್ರಮೇಣ ಎಲ್ಲ ನೋಡ್‌ಗಳಿಂದಲೂ ಅಳಿಸಿಹೋಗಬಹುದು. ‘ಶಾಶ್ವತ ಜಾಲ’ ಎಂಬ ಪ್ರಚಾರ ಈ ಮಾತನ್ನು ನುಂಗಿಕೊಳ್ಳುತ್ತದೆ.

ಮುಂದಿನ ಭರವಸೆ ಐಪಿವಿ6, ಅಂತರ್ಜಾಲ ವಿಳಾಸಗಳ ಹೊಸ ಪದ್ಧತಿ. 128 ಬಿಟ್‌ಗಳ ವಿಳಾಸದಲ್ಲಿ ಪ್ರತಿ ಸಾಧನಕ್ಕೂ ಸ್ವಂತ ವಿಳಾಸ ಸಿಗುವುದರಿಂದ ಪೋರ್ಟ್ ಬದಲಾಗುವ ಕಾಟ ತಪ್ಪುತ್ತದೆ. ರೂಟರಿನ ಫೈರ್‌ವಾಲ್ ಮಾತ್ರ ಒಳಬರುವ ಪ್ಯಾಕೆಟ್ಟನ್ನು ಆಗಲೂ ತಡೆಯುತ್ತದೆ; ಇಬ್ಬರೂ ಒಟ್ಟಿಗೆ ಬಾಗಿಲು ತೆಗೆಯುವ ಕಸರತ್ತು ಉಳಿಯುತ್ತದೆ, ರಿಲೇಗೆ ಹೋಗುವ ಪ್ರಸಂಗ ಕಡಿಮೆಯಾಗುತ್ತದೆ.