ವರ್ಗಾವಣೆ ಆದೇಶದ ಹಿಂದಿನ ಕಡತ

ರಾಜಕಾರಣಿಗಳು ಮತ್ತು ಅಧಿಕಾರಿಗಳ ನಡುವಿನ ಸಂಬಂಧವನ್ನೇ ಅಧ್ಯಯನದ ವಿಷಯವಾಗಿ ಆರಿಸಿಕೊಂಡವರಿಗೆ ಎದುರಾಗುವ ಮೊದಲ ತೊಡಕು ಸಾಕ್ಷ್ಯದ್ದು. ಸಚಿವರು ಫೋನಿನಲ್ಲಿ ಹೇಳಿದ್ದು ಕಡತಕ್ಕೆ ಬರುವುದಿಲ್ಲ. ಅಧಿಕಾರಿಗಳು ಸೇವೆಯಲ್ಲಿರುವಾಗ ಬಾಯಿ ಬಿಡುವುದಿಲ್ಲ, ನಿವೃತ್ತರಾದ ಮೇಲೆ ಹೆಚ್ಚಾಗಿ ತಮ್ಮ ದಿಟ್ಟತನವನ್ನಷ್ಟೇ ನೆನಪಿಸಿಕೊಳ್ಳುತ್ತಾರೆ. ಆದ್ದರಿಂದ ಸಂಶೋಧನೆಗೆ ಬರುವ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿಯನ್ನು ಬದಿಗಿಟ್ಟು ವರ್ಗಾವಣೆ ಆದೇಶಗಳಿಂದ ಆರಂಭಿಸಿ ಎಂದು ಹೇಳುತ್ತೇನೆ.

ವರ್ಗಾವಣೆಗೆ ಇಷ್ಟು ಮಹತ್ವ ಬಂದಿರುವುದಕ್ಕೆ ಕಾರಣ ಸಂವಿಧಾನದಲ್ಲೇ ಇದೆ. 311ನೇ ವಿಧಿಯು ನೌಕರನನ್ನು ವಿಚಾರಣೆಯಿಲ್ಲದೆ ವಜಾ ಮಾಡದಂತೆ, ಹಿಂಬಡ್ತಿ ನೀಡದಂತೆ ಸಾಮಾನ್ಯವಾಗಿ ತಡೆಯುತ್ತದೆ; ವರ್ಗಾವಣೆಯ ಬಗ್ಗೆ ಅದು ಮೌನವಾಗಿದೆ. ಹೀಗಾಗಿ ಕೆಲಸದಿಂದ ತೆಗೆಯಲಾಗದ ಅಧಿಕಾರಿಯನ್ನು ಎತ್ತಂಗಡಿ ಮಾಡುವುದೇ ಆಳುವವರ ಕೈಯಲ್ಲಿ ಉಳಿದಿರುವ ಸುಲಭದ ಅಸ್ತ್ರ. ಅರ್ಥಶಾಸ್ತ್ರಜ್ಞರಾದ ಲಕ್ಷ್ಮಿ ಅಯ್ಯರ್ ಮತ್ತು ಅನಂದಿ ಮಣಿ ಐಎಎಸ್ ಅಧಿಕಾರಿಗಳ ಸೇವಾ ವಿವರಗಳನ್ನು ಆಧರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು ಮುಖ್ಯಮಂತ್ರಿ ಬದಲಾದಾಗ ವರ್ಗಾವಣೆಗಳು ಹೆಚ್ಚುವುದನ್ನು ಅಂಕಿಅಂಶಗಳ ಮೂಲಕ ತೋರಿಸಿತು.

ಆದರೆ ಆದೇಶದ ಪ್ರತಿಯೊಂದೇ ಸಾಲದು. ‘ಸಾರ್ವಜನಿಕ ಹಿತದೃಷ್ಟಿಯಿಂದ, ತಕ್ಷಣದಿಂದ ಜಾರಿಗೆ ಬರುವಂತೆ ಹಾಗೂ ಮುಂದಿನ ಆದೇಶದವರೆಗೆ’ ಎಂಬ ಮಾತು ಎಲ್ಲ ಆದೇಶಗಳಲ್ಲೂ ಒಂದೇ. ಅದರ ಹಿಂದಿನ ಕಥೆ ಸಿಗುವುದು ರಾಜ್ಯ ಸೇವೆಯ ಅಧಿಕಾರಿಯೊಬ್ಬರು ಅವಧಿಪೂರ್ವ ವರ್ಗಾವಣೆಯನ್ನು ಪ್ರಶ್ನಿಸಿ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ, ಹೋದಾಗ. 1986ರಲ್ಲಿ ಸ್ಥಾಪನೆಯಾದ ಈ ಮಂಡಳಿಯ ಮುಂದಿನ ಅರ್ಜಿಗಳ ಅನುಬಂಧಗಳಲ್ಲಿ ಶಾಸಕರ ಲೆಟರ್‌ಹೆಡ್ಡಿನ ಶಿಫಾರಸು, ಅದರ ಅಂಚಿನಲ್ಲಿ ಸಚಿವರ ಷರಾ, ಕೆಳಗೆ ಸೆಕ್ಷನ್ ಅಧಿಕಾರಿಯ ‘ಅವಧಿ ಪೂರ್ಣಗೊಂಡಿರುವುದಿಲ್ಲ’ ಎಂಬ ಟಿಪ್ಪಣಿ, ಕೊನೆಗೆ ಮುಖ್ಯಮಂತ್ರಿಯವರ ಅನುಮೋದನೆ ಹೀಗೆ ಸಾಲಾಗಿ ಕಾಣಸಿಗುತ್ತವೆ. ಕಿರಿಯ ನೌಕರನ ಆ ಒಂದು ಸಾಲಿನ ಟಿಪ್ಪಣಿಯೇ ಎಷ್ಟೋ ಸಲ ಪ್ರಕರಣದ ಗತಿಯನ್ನು ನಿರ್ಧರಿಸುತ್ತದೆ ಎಂಬುದು ನನ್ನ ಅನಿಸಿಕೆ.

ಈ ಕಡತಗಳನ್ನು ಓದುತ್ತಾ ಹೋದರೆ ಪ್ರಾಮಾಣಿಕ ಅಧಿಕಾರಿ ಮತ್ತು ದುಷ್ಟ ರಾಜಕಾರಣಿ ಎಂಬ ಸಿನಿಮೀಯ ಚಿತ್ರ ನಿಲ್ಲುವುದಿಲ್ಲ. ಶಿಫಾರಸು ಪತ್ರವನ್ನು ಬರೆಸಿಕೊಂಡು ಬಂದವರು ಆ ಆಯಕಟ್ಟಿನ ಹುದ್ದೆಯ ಮೇಲೆ ಕಣ್ಣಿಟ್ಟ ಇನ್ನೊಬ್ಬ ಅಧಿಕಾರಿಯೇ ಆಗಿರುವುದು ಅಪರೂಪವಲ್ಲ. ಶಾಸಕರ ಕಡೆಯ ನ್ಯಾಯವನ್ನೂ ಕೇಳಬೇಕು: ಪೋಡಿಯಾಗದ, ಅಂದರೆ ಅಳತೆ ಮಾಡಿ ವಿಂಗಡಿಸದ, ಜಮೀನು, ನಿಂತುಹೋದ ಪಿಂಚಣಿ ಎಂದು ಬೆಳಗಾಗುವ ಮೊದಲೇ ಮನೆ ಬಾಗಿಲಿಗೆ ಬರುವ ಮತದಾರರಿಗೆ ಉತ್ತರ ಕೊಡಬೇಕಾದವರು ಅವರು, ತಹಶೀಲ್ದಾರರಲ್ಲ. ತಹಶೀಲ್ದಾರರ ಮೇಲೆ ಹಿಡಿತವಿಲ್ಲದ ಶಾಸಕ ತನ್ನ ಕ್ಷೇತ್ರದಲ್ಲಿ ಏನನ್ನು ತಾನೇ ಮಾಡಿಸಬಲ್ಲ? ಚುನಾಯಿತರಿಗೆ ಅಧಿಕಾರಶಾಹಿ ಉತ್ತರದಾಯಿಯಾಗಿರಬೇಕು ಎಂಬ ತತ್ವವೂ, ಮಧ್ಯಾವಧಿ ಎತ್ತಂಗಡಿಯೆಂಬ ಅದರ ವಿಕೃತಿಯೂ ಬಹುಪಾಲು ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ.

ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳ ಅರ್ಜಿಯ ಮೇಲೆ ನೀಡಿದ ತೀರ್ಪು ವರ್ಗಾವಣೆಗಳ ಬಗ್ಗೆ ಶಿಫಾರಸು ಮಾಡುವ ನಾಗರಿಕ ಸೇವಾ ಮಂಡಳಿ, ಕನಿಷ್ಠ ಅಧಿಕಾರಾವಧಿ ಮತ್ತು ಮೌಖಿಕ ಸೂಚನೆಗಳ ದಾಖಲೀಕರಣ ಈ ಮೂರನ್ನೂ ಕಡ್ಡಾಯಗೊಳಿಸಿತು. ಮೊದಲೆರಡಕ್ಕೆ 2014ರ ಜನವರಿಯಲ್ಲಿ ಐಎಎಸ್ ಕೇಡರ್ ನಿಯಮಗಳ ತಿದ್ದುಪಡಿಯ ರೂಪ ಬಂದಿತು. ಮೂರನೆಯದು ನಿಂತಿರುವುದು ಅಧಿಕಾರಿಯ ಎದೆಗಾರಿಕೆಯ ಮೇಲೆ. ‘ದೂರವಾಣಿ ಮೂಲಕ ಸೂಚಿಸಿದಂತೆ’ ಎಂದು ಬರೆದಿಡುವವರು ವಿರಳ, ಸಂಶೋಧಕರ ಪಾಲಿಗೆ ದೊಡ್ಡ ನಷ್ಟವೂ ಇದೇ.

ಈ ಕ್ಷೇತ್ರಕ್ಕೆ ಬರುವವರು ಸೇವಾ ನಿಯಮಗಳನ್ನೂ ಚುನಾವಣಾ ಫಲಿತಾಂಶಗಳನ್ನೂ ಒಟ್ಟೊಟ್ಟಿಗೆ ಓದಬೇಕು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇವೆರಡೂ ಪಠ್ಯಕ್ರಮದ ಬೇರೆ ಬೇರೆ ಪತ್ರಿಕೆಗಳಾಗಿ ಉಳಿದಿರುವುದು ದುರದೃಷ್ಟ. ಕೇಂದ್ರ ಸರ್ಕಾರದ ಎರಡು ಆಡಳಿತ ಸುಧಾರಣಾ ಆಯೋಗಗಳ ನೇತೃತ್ವ ವಹಿಸಿದ ಕೆ. ಹನುಮಂತಯ್ಯ ಮತ್ತು ವೀರಪ್ಪ ಮೊಯ್ಲಿ ಇಬ್ಬರೂ ಕರ್ನಾಟಕದ ಮಾಜಿ ಮುಖ್ಯಮಂತ್ರಿಗಳಾಗಿದ್ದರೂ, ಆ ವರದಿಗಳನ್ನು ಇಲ್ಲಿನ ಅನುಭವದೊಂದಿಗೆ ಇಟ್ಟು ಓದುವ ಕೆಲಸ ಇನ್ನೂ ಆಗಬೇಕಿದೆ. ಐಎಎಸ್ ಅಧಿಕಾರಿಗಳ ವಿವರ ಸುಲಭವಾಗಿ ಸಿಗುತ್ತದೆಯೆಂದು ಎಲ್ಲರೂ ಅವರನ್ನೇ ಅಧ್ಯಯನ ಮಾಡುತ್ತಾರೆ. ಒತ್ತಡ ನಿತ್ಯದ ಮಾತಾಗಿರುವುದು ಉಪನೋಂದಣಾಧಿಕಾರಿ, ಕಂದಾಯ ನಿರೀಕ್ಷಕ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ (ಪಿಡಿಒ) ಹಂತದಲ್ಲಿ. ಹೊಸಬರು ಅಲ್ಲಿಂದಲೇ ಶುರು ಮಾಡಲಿ.