ಸರ್ಕಾರಿ ವಿಮೆ ಇದೆ ಸರಿ, ಯಾವ ತಾರೀಕಿನಿಂದ?

ಬೇರೆ ದೇಶಕ್ಕೆ ಕೆಲಸಕ್ಕೋ ಓದಲಿಕ್ಕೋ ಹೊರಟವರ ಕಾಗದಪತ್ರ ಸರಿಮಾಡಿಕೊಡುವುದು ನನ್ನ ವೃತ್ತಿ. ವೀಸಾ, ಮನೆ ಬಾಡಿಗೆ, ಮಕ್ಕಳ ಶಾಲೆ ಅಂದರೆ ಜನ ಮತ್ತೆ ಮತ್ತೆ ಫೋನ್ ಮಾಡುತ್ತಾರೆ. ಆರೋಗ್ಯ ವಿಮೆ ಏನು ಮಾಡಿದಿರಿ ಅಂತ ನಾನೇ ಕೇಳಿದರೆ, "ಅಲ್ಲಿ ಎಲ್ಲ ಸರ್ಕಾರದ್ದೇ ಅಲ್ವಾ" ಅಂದು ಮಾತು ಮುಗಿಸಿಬಿಡುತ್ತಾರೆ.

ಸರ್ಕಾರಿ ವಿಮೆ ಇರುವ ದೇಶಕ್ಕೆ ಹೋದ ಮಾತ್ರಕ್ಕೆ ಆ ವಿಮೆ ನಿಮಗೆ ಸಿಕ್ಕಿತು ಅಂತಲ್ಲ. ಹೆಚ್ಚಿನ ಕಡೆ ನೀವಾಗಿಯೇ ಹೋಗಿ ಹೆಸರು ಬರೆಸಬೇಕು. ಬರೆಸಿದ ಮೇಲೂ ಅದು ಅವತ್ತಿನಿಂದಲೇ ಜಾರಿಗೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ನಾನು ಎಲ್ಲರಿಗೂ ಮೂರು ತಾರೀಕು ಬರೆದಿಟ್ಟುಕೊಳ್ಳಿ ಅನ್ನುತ್ತೇನೆ. ನೀವು ಇಳಿಯುವ ದಿನ, ಹೆಸರು ಬರೆಸಲು ಇರುವ ಕೊನೆಯ ದಿನ, ವಿಮೆ ಶುರುವಾಗುವ ದಿನ. ನಾನು ಕಂಡ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ಈ ಮೂರನ್ನೂ ಒಂದೇ ಅಂದುಕೊಂಡಿದ್ದರಿಂದ ಆದದ್ದು.

ಕೆನಡಾವನ್ನೇ ನೋಡಿ. ಅಲ್ಲಿ ಆರೋಗ್ಯ ವಿಮೆ ನಡೆಸುವುದು ಪ್ರಾಂತ್ಯಗಳು. ಒಂಟಾರಿಯೊದಲ್ಲಿ ಹೊಸಬರು ಮೂರು ತಿಂಗಳು ಕಾಯಬೇಕಿತ್ತು, ಆ ನಿಯಮವನ್ನು 2020ರ ಮಾರ್ಚ್‌ನಲ್ಲಿ ತೆಗೆದುಹಾಕಿದರು. ಬ್ರಿಟಿಷ್ ಕೊಲಂಬಿಯಾದಲ್ಲಿ ಕಾಯುವುದು ಇದ್ದೇ ಇದೆ: ಬಂದಿಳಿದ ತಿಂಗಳಲ್ಲಿ ಉಳಿದ ದಿನಗಳು, ಅದರ ಮೇಲೆ ಇನ್ನೆರಡು ತಿಂಗಳು. ಒಂಟಾರಿಯೊದ ಟೊರೊಂಟೊದಲ್ಲಿರುವ ಗೆಳೆಯ "ನನಗೆ ಕೂಡಲೇ ಸಿಕ್ಕಿತು" ಅಂದದ್ದನ್ನು ನಂಬಿ ಬ್ರಿಟಿಷ್ ಕೊಲಂಬಿಯಾದ ವ್ಯಾಂಕೂವರ್‌ಗೆ ಹೋದವರು ಈ ನಡುವಿನ ದಿನಗಳಿಗೆ ಖಾಸಗಿ ಪಾಲಿಸಿ ತೆಗೆದುಕೊಂಡಿರುವುದೇ ಇಲ್ಲ.

ಆ ನಡುವಿನ ಪಾಲಿಸಿ ಬಗ್ಗೆಯೂ ಒಂದು ಮಾತು. ಟ್ರಾವೆಲ್ ಇನ್ಶೂರೆನ್ಸ್ ಇದ್ದರೆ ಸಾಕು ಅಂತ ಅನ್ನಿಸುತ್ತದೆ. ಅದು ಸಾಮಾನ್ಯವಾಗಿ ದಿಢೀರ್ ಕಾಯಿಲೆಗೆ, ಅಪಘಾತಕ್ಕೆ ಮಾಡಿರುವಂಥದ್ದು. ಮೊದಲಿನಿಂದ ಇರುವ ಸಕ್ಕರೆ ಕಾಯಿಲೆ, ಬಿಪಿ, ಬಸುರಿ ಹೆಂಗಸಿನ ತಿಂಗಳ ತಪಾಸಣೆ ಇವೆಲ್ಲ ಅದರಲ್ಲಿ ಬಹಳ ಸಲ ಇರುವುದಿಲ್ಲ. ಪಾಲಿಸಿಯ ಮೊದಲ ಪುಟ ಬಿಟ್ಟು, ಏನೇನು ಕೊಡುವುದಿಲ್ಲ ಅಂತ ಬರೆದಿರುವ ಪುಟ ಓದಿ. ದಿನಾ ಮಾತ್ರೆ ನುಂಗುವವರು ವೈದ್ಯರ ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಿನ ಜತೆಗೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ, ಯಾಕೆಂದರೆ ಅದೇ ಮಾತ್ರೆ ಅಲ್ಲಿ ಬೇರೆ ಹೆಸರಲ್ಲಿ ಸಿಗುತ್ತಿರಬಹುದು.

ಇನ್ನು ಕೆಲವರ ಲೆಕ್ಕವೇ ಬೇರೆ. "ನಾನು ಗಟ್ಟಿಮುಟ್ಟಾಗಿದ್ದೇನೆ, ತಡವಾಗಿ ಸೇರಿದರೆ ಅಷ್ಟು ತಿಂಗಳ ಪ್ರೀಮಿಯಂ ಉಳಿಯಿತಲ್ಲ" ಅನ್ನುತ್ತಾರೆ. ಉಳಿಯುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಸೇರಲು ನಾಲ್ಕು ತಿಂಗಳು, ಸ್ವಿಟ್ಜರ್ಲೆಂಡ್‌ನಲ್ಲಿ ಮೂರು ತಿಂಗಳು ಅವಕಾಶವಿದೆ. ಅಷ್ಟರೊಳಗೆ ಯಾವಾಗ ಸೇರಿದರೂ ಪ್ರೀಮಿಯಂ ಲೆಕ್ಕ ಹಿಂದಿನಿಂದಲೇ ಶುರು, ರಕ್ಷಣೆಯೂ ಹಿಂದಿನಿಂದಲೇ. ಗಡುವು ದಾಟಿದರೆ ಮಾತ್ರ ಪೆಟ್ಟು ಬೀಳುತ್ತದೆ: ವಿಮೆ ನೀವು ಸೇರಿದ ದಿನದಿಂದ ಶುರುವಾಗುತ್ತದೆ, ಅದಕ್ಕಿಂತ ಮುಂಚಿನ ಆಸ್ಪತ್ರೆ ಬಿಲ್ಲು ನಿಮ್ಮದೇ, ಮೇಲೆ ದಂಡವೋ ಹೆಚ್ಚುವರಿ ಪ್ರೀಮಿಯಮ್ಮೋ ಬೇರೆ. ಜಪಾನಿನಲ್ಲಿ ಮೂರು ತಿಂಗಳಿಗಿಂತ ಜಾಸ್ತಿ ಇರುವವರು, ಕಂಪನಿ ಮೂಲಕ ವಿಮೆ ಇಲ್ಲದಿದ್ದರೆ, ಊರಿನ ನಗರ ಕಚೇರಿಗೆ ಹೋಗಿ ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಬೇಕು. ತಡಮಾಡಿದರೆ ಹಿಂಬಾಕಿ ಪ್ರೀಮಿಯಂ ಕಟ್ಟಿಸಿಕೊಳ್ಳುತ್ತಾರೆ. ಹಿಂದಿನ ಬಿಲ್ಲಿಗೆ ಮಾತ್ರ ದುಡ್ಡು ಬರುವುದಿಲ್ಲ. ಅಲ್ಲಿ ಇನ್ನೊಂದು ತಮಾಷೆ ಇದೆ. ಪ್ರೀಮಿಯಂ ಹಿಂದಿನ ವರ್ಷ ಜಪಾನಿನಲ್ಲಿ ಆದ ಆದಾಯದ ಮೇಲೆ ನಿಲ್ಲುವುದರಿಂದ ಮೊದಲ ವರ್ಷ ಬಹಳ ಕಡಿಮೆ ಬಂದು, ಎರಡನೇ ವರ್ಷ ಒಮ್ಮೆಗೇ ಏರುತ್ತದೆ. ಆಗ ಹೌಹಾರಿ ನನಗೆ ಮೆಸೇಜ್ ಬರುತ್ತದೆ.

ನೆದರ್ಲೆಂಡ್ಸ್ ಮತ್ತು ಸ್ವಿಟ್ಜರ್ಲೆಂಡ್ ಎರಡರಲ್ಲೂ ವಿಮೆ ಮಾರುವುದು ಖಾಸಗಿ ಕಂಪನಿಗಳು. ಅದನ್ನು ನೋಡಿ ಹೊಸಬರು "ಇದು ಸರ್ಕಾರಿ ಅಲ್ಲ, ಬೇಕಾದರೆ ತಗೊಳ್ಳೋಣ" ಅಂದುಕೊಳ್ಳುತ್ತಾರೆ. ಅದು ಕಡ್ಡಾಯ. ಮೂಲ ಪ್ಯಾಕೇಜಿನಲ್ಲಿ ಏನಿರಬೇಕು ಅಂತ ಕಾನೂನೇ ಹೇಳುತ್ತದೆ, ಕಾಯಿಲೆ ಇದೆ ಅಂತ ಕಂಪನಿ ನಿಮ್ಮನ್ನು ತಿರಸ್ಕರಿಸುವಂತಿಲ್ಲ. ಹದಿನೆಂಟು ದಾಟದ ಮಕ್ಕಳಿಗೆ ನೆದರ್ಲೆಂಡ್ಸ್‌ನಲ್ಲಿ ಪ್ರೀಮಿಯಂ ಇಲ್ಲ, ಆದರೆ ಹೆಸರು ಬರೆಸಲೇಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ಕೂಸಿಗೂ ಬೇರೆ ಪ್ರೀಮಿಯಂ.

ಬ್ರಿಟನ್ ಉಲ್ಟಾ. ಅಲ್ಲಿ ಹೊರಡುವ ಮುಂಚೆಯೇ ದುಡ್ಡು ತೆಗೆದುಕೊಳ್ಳುತ್ತಾರೆ. ಆರು ತಿಂಗಳಿಗಿಂತ ಹೆಚ್ಚಿನ ವೀಸಾ ಅರ್ಜಿಯ ಜತೆ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು. 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೂ ಹದಿನೆಂಟರೊಳಗಿನ ಮಕ್ಕಳಿಗೂ 776. ವೀಸಾ ಎಷ್ಟು ವರ್ಷದ್ದೋ ಅಷ್ಟೂ ವರ್ಷದ್ದು ಒಂದೇ ಸಲ, ಮನೆಮಂದಿಯ ತಲೆ ಎಣಿಸಿ. ಕಟ್ಟಿಯಾದ ಮೇಲೆ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ, ಮನೆ ಹತ್ತಿರದ ಜಿಪಿ (ಮೊದಲು ತೋರಿಸಿಕೊಳ್ಳುವ ಸಾಮಾನ್ಯ ವೈದ್ಯರು) ಕ್ಲಿನಿಕ್‌ನಲ್ಲಿ ಹೆಸರು ಬರೆಸುವುದೇ ಇಲ್ಲ. ಬಾಡಿಗೆ ಕರಾರು ಇನ್ನೂ ಕೈಗೆ ಬಂದಿಲ್ಲ ಅನ್ನುವುದು ಅವರ ಸಬೂಬು. ಇಂಗ್ಲೆಂಡಿನಲ್ಲಿ ಜಿಪಿ ನೋಂದಣಿಗೆ ವಿಳಾಸದ ದಾಖಲೆಯಾಗಲಿ ವೀಸಾ ಪುರಾವೆಯಾಗಲಿ ಬೇಕಿಲ್ಲ. ಕೌಂಟರಿನಲ್ಲಿ ಯಾರಾದರೂ ಬೇಕು ಅಂದರೆ ನಯವಾಗಿ ಇದನ್ನು ಹೇಳಿ. ತಜ್ಞ ವೈದ್ಯರ ಹತ್ತಿರ ಹೋಗಲಿಕ್ಕೆ ಜಿಪಿ ಚೀಟಿಯೇ ದಾರಿ, ಹಾಗಾಗಿ ಜ್ವರ ಬಂದ ದಿನ ಇದನ್ನು ಶುರುಮಾಡುವುದು ಬೇಡ.

ಜರ್ಮನಿ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಅಲ್ಲಿ ಸರಿಪಡಿಸಲಾಗದ ಎಡವಟ್ಟು ಆಗುವ ಜಾಗ ಒಂದಿದೆ. 1883ರಿಂದ ಕಾನೂನಿನ ಆರೋಗ್ಯ ವಿಮೆ, ಅಂದರೆ ಕಾನೂನಿನ ಮೂಲಕ ಬಂದ ಸಾರ್ವಜನಿಕ ವಿಮೆ, ಇರುವ ದೇಶ ಅದು. ಸಂಬಳದ 14.6 ಶೇಕಡ ವಿಮೆಗೆ ಹೋಗುತ್ತದೆ, ಜತೆಗೆ ಪ್ರತಿ ವಿಮಾ ನಿಧಿಯೂ (ಈ ವಿಮೆ ನಡೆಸುವ ಸಂಸ್ಥೆ) ಹಾಕುವ ಚಿಕ್ಕ ಹೆಚ್ಚುವರಿ ದರ. ಎರಡರಲ್ಲೂ ಅರ್ಧ ನಿಮ್ಮದು, ಅರ್ಧ ಕೆಲಸ ಕೊಟ್ಟ ಕಂಪನಿಯದು. ಸಂಬಳ ಒಂದು ಮಿತಿ ದಾಟಿದರೆ (2025ರಲ್ಲಿ ಅದು ವರ್ಷಕ್ಕೆ 73,800 ಯೂರೋ) ಖಾಸಗಿ ವಿಮೆಗೆ ಹೋಗುವ ಅವಕಾಶ ತೆರೆದುಕೊಳ್ಳುತ್ತದೆ. ಮೂವತ್ತರ ಆಸುಪಾಸಿನ, ಒಂಟಿಯಾಗಿರುವ, ಒಳ್ಳೆ ಸಂಬಳದ ಎಂಜಿನಿಯರ್‌ಗೆ ಅಲ್ಲಿ ಪ್ರೀಮಿಯಂ ಅಗ್ಗ, ಅಪಾಯಿಂಟ್‌ಮೆಂಟೂ ಬೇಗ. ಏಜೆಂಟ್ ಹೇಳುವುದು ಇಷ್ಟನ್ನೇ. ಹೇಳದೇ ಇರುವುದು ಏನೆಂದರೆ, ಖಾಸಗಿಯಲ್ಲಿ ಪ್ರೀಮಿಯಂ ಸಂಬಳ ನೋಡಿ ನಿಲ್ಲುವುದಲ್ಲ, ಸೇರುವಾಗಿನ ನಿಮ್ಮ ವಯಸ್ಸು ಮತ್ತು ಆರೋಗ್ಯ ನೋಡಿ. ಮದುವೆಯಾಗಿ ಹೆಂಡತಿ ಬಂದರೆ, ಮಗು ಹುಟ್ಟಿದರೆ ಒಬ್ಬೊಬ್ಬರಿಗೂ ಬೇರೆ ಪ್ರೀಮಿಯಂ. ಕಾನೂನಿನ ವಿಮೆಯಲ್ಲಾದರೆ ಆದಾಯವಿಲ್ಲದ ಗಂಡನೋ ಹೆಂಡತಿಯೋ, ಮಕ್ಕಳೋ ಒಂದು ಪೈಸೆ ಹೆಚ್ಚಿಲ್ಲದೆ ನಿಮ್ಮ ಜತೆಯಲ್ಲೇ ಸೇರಿಬಿಡುತ್ತಾರೆ. ವಾಪಸ್ ಬರುವ ಬಾಗಿಲೂ ಕಿರಿದು, 55 ದಾಟಿದ ಮೇಲಂತೂ ಹೆಚ್ಚುಕಡಿಮೆ ಮುಚ್ಚಿದಂತೆಯೇ. ನನ್ನ ಅಭಿಪ್ರಾಯ ಕೇಳಿದರೆ, ಸಂಸಾರ ಇರುವವರು, ಮುಂದೆ ಮಾಡಿಕೊಳ್ಳುವ ಮನಸ್ಸಿರುವವರು ಸುಮ್ನೆ ಕಾನೂನಿನ ವಿಮೆಯಲ್ಲೇ ಇರಿ. "ನಾನು ಎರಡೇ ವರ್ಷ ಇರುವುದು" ಅಂದವರಲ್ಲಿ ಎಷ್ಟೋ ಜನ ಈಗ ಅಲ್ಲಿ ಮನೆ ಕೊಂಡಿದ್ದಾರೆ.

ಸೇರಿದ ಮೇಲೆ ಎಲ್ಲವೂ ಉಚಿತವೇ? ಅದೂ ಇಲ್ಲ. ಜಪಾನಿನಲ್ಲಿ ಬಿಲ್ಲಿನ 30 ಶೇಕಡ ನೀವು ಕೊಡುತ್ತೀರಿ, ತಿಂಗಳಿಗೆ ಇಷ್ಟಕ್ಕಿಂತ ಹೆಚ್ಚು ಕೊಡಬೇಕಿಲ್ಲ ಅನ್ನುವ ಮಿತಿ ಇರುವುದು ಸಮಾಧಾನ. ನೆದರ್ಲೆಂಡ್ಸ್‌ನಲ್ಲಿ 2025ರ ಲೆಕ್ಕಕ್ಕೆ ವರ್ಷದ ಮೊದಲ 385 ಯೂರೋ ನಿಮ್ಮ ಜೇಬಿನಿಂದ, ಮನೆ ವೈದ್ಯರ ಭೇಟಿ ಮಾತ್ರ ಇದರಲ್ಲಿ ಸೇರುವುದಿಲ್ಲ. ಹಲ್ಲು, ಕನ್ನಡಕ ಬಹಳ ದೇಶಗಳಲ್ಲಿ ಹೊರಗೇ ಉಳಿಯುತ್ತವೆ, ಕೆನಡಾದಲ್ಲಿ ಆಸ್ಪತ್ರೆಯ ಹೊರಗೆ ಕೊಳ್ಳುವ ಔಷಧವೂ ಹೆಚ್ಚಾಗಿ ಹಾಗೇ. ಹಲ್ಲಿನ ಕೆಲಸ ಬಾಕಿ ಇದ್ದರೆ ಹೊರಡುವ ಮುಂಚೆ ಮುಗಿಸಿ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ನಿಮ್ಮ ವಿಮೆಯಲ್ಲಿ ಅವರು ತಾನಾಗಿ ಸೇರುತ್ತಾರೆ ಅನ್ನುವುದು ಬಹುತೇಕ ಕಡೆ ತಪ್ಪು ತಿಳಿವಳಿಕೆ. ಅಮೆರಿಕದಲ್ಲಿ ಹಿರಿಯರಿಗೆ ಇರುವ ಸರ್ಕಾರಿ ವಿಮೆ ಮೆಡಿಕೇರ್ 65ಕ್ಕೆ ಸಿಗುತ್ತದೆ ನಿಜ, ಆದರೆ ಅಲ್ಲಿ ದುಡಿದ ದಾಖಲೆ ಇಲ್ಲದ ಗ್ರೀನ್ ಕಾರ್ಡಿನ ತಂದೆ ತಾಯಿ ಸಾಮಾನ್ಯವಾಗಿ ಐದು ವರ್ಷ ಸತತ ವಾಸ ಮಾಡಿರಬೇಕು, ಪ್ರೀಮಿಯಂ ಕೂಡ ಕೈಯಿಂದ ಕಟ್ಟಬೇಕಾಗುತ್ತದೆ. ಟಿಕೆಟ್ ಬುಕ್ ಮಾಡುವ ಮೊದಲು ಅವರ ವಿಮೆ ಹುಡುಕಿ.

ದೇಶ ಬಿಡುವಾಗಲೂ ಇಷ್ಟೇ ಕೆಲಸ ಇದೆ. ವಿಮೆ ತಾನಾಗಿ ನಿಲ್ಲುತ್ತದೆ ಅಂತ ವಿಮಾನ ಹತ್ತಿದವರಿಗೆ ತಿಂಗಳುಗಳಾದ ಮೇಲೆ ಬಾಕಿ ನೋಟಿಸ್ ಬಂದಿದೆ. ನಗರ ಕಚೇರಿಯಲ್ಲಿ ವಾಸ ರದ್ದುಮಾಡಿಸಿ, ಆ ಕಾಗದದ ಪ್ರತಿಯನ್ನು ವಿಮೆಯವರಿಗೆ ಕಳಿಸಿ, ಇಂಥ ದಿನಕ್ಕೆ ಮುಗಿಯಿತು ಅಂತ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಆ ಪತ್ರವನ್ನು ಬಿಸಾಡಬೇಡಿ, ಮುಂದಿನ ದೇಶದಲ್ಲಿ ಮೊದಲು ಎಲ್ಲಿ ವಿಮೆ ಇತ್ತು ಅಂತ ಕೇಳಿದರೆ ತೋರಿಸಲಿಕ್ಕೆ ಅದೇ ಬೇಕು.